ಸಪ್ಪಳ ನಿಂತ ಮಧ್ಯಾಹ್ನ

ನಮ್ಮ ಮನೆಗೆ ಬಂದವರೆಲ್ಲ ಮೊದಲು ಕೆಮ್ಮುತ್ತಿದ್ದರು. ಹೊಸ್ತಿಲು ದಾಟಿ ಪಡಸಾಲೆಗೆ ಕಾಲಿಟ್ಟರೆ ಒಂದು ಕಡೆ ಅಪ್ಪನ ಗಾದಿ, ಇನ್ನೊಂದು ಕಡೆ ಗೋಡೆಗುಂಟ ಒಣಮೆಣಸಿನಕಾಯಿಯ ಸಣ್ಣ ಸಣ್ಣ ರಾಶಿಗಳು. ಬ್ಯಾಡಗಿ ಪೇಟೆಯಲ್ಲಿ ಅಪ್ಪನ ದಲಾಲಿ ಅಂಗಡಿ ಇತ್ತು. ದೂರದ ಖರೀದಿದಾರರಿಗೆ ತೋರಿಸಬೇಕಾದ ಮಾಲಿನ ಮಾದರಿಯನ್ನು ಅವನು ಮನೆಗೇ ತಂದಿಟ್ಟುಕೊಳ್ಳುತ್ತಿದ್ದ. ಬೆಳಗಿನ ಬಿಸಿಲು ಕಿಟಕಿಯಿಂದ ಇಳಿದಾಗ ಅದರಲ್ಲಿ ಕೆಂಪು ಧೂಳು ಹಾರಾಡುವುದು ಕಾಣುತ್ತಿತ್ತು. ಬಂದವರು ಸೆರಗನ್ನೋ ಟವೆಲನ್ನೋ ಮೂಗಿಗೆ ಹಿಡಿದು ಕೆಮ್ಮಿದರೆ ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಅಜ್ಜಿ ಬೆಲ್ಲ ನೀರು ತಂದಿಟ್ಟು, ತುಸು ಜಂಬದಿಂದಲೇ ಹೇಳುತ್ತಿದ್ದಳು:

“ರೂಢಿ ಇಲ್ಲ ನಿಮಗ. ನಮ್ಮ ಮನಿಯಾಗ ಹುಟ್ಟಿದವ್ರು ಮೆಣಸಿನಕಾಯಿಗೆ ಕೆಮ್ಮಂಗಿಲ್ರಿ.”

ಆ ಮಾತು ಸುಳ್ಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನ ಕಿರಿಯ ತಂಗಿ ಗಿರಿಜತ್ತಿ ಅದೇ ಮನೆಯಲ್ಲಿ ಹುಟ್ಟಿದವಳು. ಅವಳಿಗೆ ದಮ್ಮಿನ ಕಾಯಿಲೆ. ನಡುಮನೆಯಲ್ಲಿ ಅವಳ ಮಗ್ಗುಲಿಗೇ ನನ್ನ ಹಾಸಿಗೆ. ಅವಳ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದುತ್ತಿರುವಂಥ ಸಪ್ಪಳವನ್ನು ಕೇಳುತ್ತಲೇ ನಾನು ದೊಡ್ಡವಳಾದೆ. ಮನೆಯ ದಿನಚರಿ ಆ ಸಪ್ಪಳದ ಮೇಲೆ ನಡೆಯುತ್ತಿತ್ತು. ಪೀಪಿ ಜೋರಾಗಿದ್ದರೆ ಅಂದು ಗಿರಿಜತ್ತಿಗೆ ತಲೆಸ್ನಾನ ಇಲ್ಲ, ಮೊಸರು ಇಲ್ಲ, ಶುಂಠಿ ಕಷಾಯ ಉಂಟು. ಸಣ್ಣಗಿದ್ದರೆ ಕಸ ಗುಡಿಸಬಹುದು. ಕೇಳಿಸದಿದ್ದರೆ ಅತ್ತಿ ಆರಾಮ ಇದ್ದಾಳೆಂದು ಅರ್ಥ. ಆಗ ಅಜ್ಜಿ ಶನಿವಾರ ಕದರಮಂಡಲಗಿಯ ಆಂಜನೇಯನಿಗೆ ಕಾಯಿ ಒಡೆಸಿಕೊಂಡು ಬರುತ್ತಿದ್ದಳು. ಹೀಗೆ ಸಪ್ಪಳ ಇದ್ದರೆ ಕಾಯಿಲೆ, ಇಲ್ಲದಿದ್ದರೆ ಗುಣ ಎಂಬ ಪಾಠವನ್ನು ಯಾರೂ ಹೇಳಿಕೊಡದೆಯೇ ನಾವೆಲ್ಲ ಕಲಿತೆವು. ನಮ್ಮ ಮನೆಯ ಅತಿ ದೊಡ್ಡ ತಪ್ಪು ಈ ಪಾಠದಲ್ಲೇ ಕೂತಿತ್ತು.

ಎದೆ ಹಗುರಾಗಿದ್ದ ದಿನಗಳಲ್ಲಿ ಅತ್ತಿಯ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಅವಳು ಹಾವೇರಿಯಲ್ಲಿ ಬಿ.ಎ. ಮುಗಿಸಿದ್ದಳು, ಬಸ್ಸಿನಲ್ಲಿ ದಿನಾ ಹೋಗಿ ಬಂದು, ಕಂಡಕ್ಟರನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರ ಅಣಕು ಕಲಿತಿದ್ದಳು. ರೊಟ್ಟಿ ಬಡಿಯುತ್ತ ಅವ್ವನೊಡನೆ ಮಾತಿಗೆ ಕೂತರೆ ಒಂದು ವಾಕ್ಯ ಮುಗಿಯುವಷ್ಟರಲ್ಲಿ ರೊಟ್ಟಿಯೇ ಬೆಂದಿರುತ್ತಿತ್ತು. ನನ್ನ ಬರೆಯುವ ಪಾಟಿಯ ಮೇಲೆ ಎಣ್ಣೆಯ ಕೈ ಒರೆಸಿದ್ದಕ್ಕೆ ಒಮ್ಮೆ ನನ್ನನ್ನು ಬೈದದ್ದು ಇನ್ನೂ ನೆನಪಿದೆ:

“ಏ ಸುಮಿ, ಬಂಗಾರದಂಥಾ ಪಾಟಿಗೆ ಬದನಿಕಾಯಿ ಎಣ್ಣಿ ಹಚ್ಚಿ ಸಾಲಿಗೆ ಹೋಗಿ ಏನು ಬಜಿ ಕರೀತಿ ಏನು, ಮಾಸ್ತರು ಹಸದಾರಂತ ಹೇಳಿ ಕಳಿಸ್ಯಾರೇನು, ನಿಮ್ಮಪ್ಪ ದಲಾಲಿ ಮಾಡಿ ಪಾಟಿ ತಂದ್ರ ನೀನು ಅದನ್ನ ತವಾ ಮಾಡ್ತೀದಿ!”

ಅವ್ವ ನಗು ತಡೆಯಲಾರದೆ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅವರಿಬ್ಬರೂ ಅತ್ತಿಗೆ-ನಾದಿನಿ ಅನ್ನುವುದಕ್ಕಿಂತ ಒಂದೇ ಬೆಂಚಿನ ಗೆಳತಿಯರ ಹಾಗಿದ್ದರು. ಅಜ್ಜಿಯೆದುರು ಮಾತ್ರ ಅವ್ವ ತುಟಿ ಬಿಚ್ಚುತ್ತಿರಲಿಲ್ಲ.

ರಾಣೆಬೆನ್ನೂರಿನ ಡಾಕ್ಟರರೊಬ್ಬರು ಗಿರಿಜತ್ತಿಗೆ ಔಷಧ ಉಸಿರಿನಲ್ಲಿ ಎಳೆದುಕೊಳ್ಳುವ ಎರಡು ಪಂಪು ಕೊಟ್ಟಿದ್ದರು. ಒಂದು ದಿನಾ ಬೆಳಿಗ್ಗೆ ಸಂಜೆ ಎಳೆದುಕೊಳ್ಳುವುದು. ಇನ್ನೊಂದು, ನೀಲಿ ಬಣ್ಣದ್ದು, ಉಸಿರು ಕಟ್ಟಿದಾಗ ಮಾತ್ರ. ದಿನಾ ಎಳೆಯುವ ಪಂಪಿನಿಂದ ತಕ್ಷಣಕ್ಕೆ ಏನೂ ಆದಂತೆ ಕಾಣಲಿಲ್ಲ. ಅದಕ್ಕೇ ಅದು ಖಾಲಿಯಾದ ಮೇಲೆ ಯಾರೂ ಮತ್ತೆ ತರಲಿಲ್ಲ. ನೀಲಿಯದು ಕಣ್ಣೆದುರಿಗೇ ಗುಣ ಕೊಡುತ್ತಿತ್ತು; ಆದರೆ ಅದನ್ನು ಒಮ್ಮೆ ಹಚ್ಚಿಕೊಂಡರೆ ಸಾಯುವ ತನಕ ಬಿಡುವುದಿಲ್ಲ ಎಂಬ ಹೆದರಿಕೆ ಮನೆಯ ತುಂಬ ಇತ್ತು. ಅತ್ತಿ ಅದನ್ನು ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಹಿಂದೆ ಇಡುತ್ತಿದ್ದಳು. ನೆರೆಯವರು ಬಂದರೆ ಡಬ್ಬಿ ಮುಂದಕ್ಕೆ ಸರಿಯುತ್ತಿತ್ತು. ಅಜ್ಜಿ ಕೆಟ್ಟವಳಲ್ಲ. ಅವಳ ಅಣ್ಣನ ಮಗಳಿಗೆ ಇದೇ ಕಾಯಿಲೆ ಇತ್ತು. ಅದು ಊರಿಗೆಲ್ಲ ಗೊತ್ತಾಗಿ ಆ ಹುಡುಗಿಗೆ ಸಂಬಂಧಗಳೇ ಬರಲಿಲ್ಲ. ತನ್ನ ಮಗಳಿಗೆ ಹಾಗಾಗಬಾರದು ಎಂಬುದೊಂದೇ ಅಜ್ಜಿಯ ಹಟ.

ರಾಣೆಬೆನ್ನೂರಿನಿಂದ ಗಂಡಿನವರು ಅತ್ತಿಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದು ಸುಗ್ಗಿಯ ಕಾಲದಲ್ಲಿ; ಬರುವ ದಿನ ಪೇಟೆಯ ದಿನವೇ. ಬರುವವರು ಬಂದ ಕೂಡಲೇ ಕೆಮ್ಮಬಾರದೆಂದು ಅಜ್ಜಿ ಒಂದು ಉಪಾಯ ಮಾಡಿದಳು. ಅಂದು ಬೆಳಿಗ್ಗೆ ಪಡಸಾಲೆಯ ರಾಶಿಗಳನ್ನೆಲ್ಲ ಬುಟ್ಟಿಗೆ ತುಂಬಿ ಹಿತ್ತಲಿಗೆ ಸಾಗಿಸುವುದು, ನೆಲ ಗುಡಿಸಿ ಜಮಖಾನೆ ಹಾಸುವುದು. ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಧೂಳು ಒಮ್ಮೆಲೇ ಎದ್ದಿತು. ಪಡಸಾಲೆಯಿಂದ ಹಿತ್ತಲಿಗೆ ಹೋಗುವ ದಾರಿ ನಡುಮನೆಯ ಮೂಲಕ. ಒಂದೊಂದು ಬುಟ್ಟಿಯೂ ಕನ್ನಡಿಯ ಮುಂದೆ ಜಡೆ ಹಾಕಿಸಿಕೊಳ್ಳುತ್ತಿದ್ದ ಅತ್ತಿಯ ಪಕ್ಕದಿಂದಲೇ ಹಾದು ಹೋಯಿತು. ಸೀರೆ ಉಡುವಷ್ಟರಲ್ಲಿ ಪೀಪಿ ಶುರುವಾಗಿತ್ತು. ಅತ್ತಿ ಗೂಡಿಗೆ ಕೈ ಹಾಕಿದಳು. ಡಬ್ಬಿಯ ಹಿಂದೆ ಪಂಪು ಇರಲಿಲ್ಲ.

“ನನ್ನ ಟ್ರಂಕಿನ್ಯಾಗ ಐತಿ,” ಅಂದಳು ಅಜ್ಜಿ. “ಅವ್ರು ಹೋಗೂತನಕ ಅಲ್ಲೇ ಇರ್ಲಿ. ಅಡಗಿ ಮನಿಗೆ ಬಂದು ನೋಡಿಬಿಟ್ರ?”

“ಅತ್ತಿಯರ, ಒಂದ್ಸಲ ಎಳಕೊಂಡು ಕೊಡ್ತಾಳ್ರಿ,” ಅಂದಳು ಅವ್ವ, ಅಜ್ಜಿಗೆ.

“ಬಾಗಲಾಗ ಬಂದು ನಿಂತಾರ. ಈಗ ಟ್ರಂಕ್ ತಗಿಯೂ ಹೊತ್ತೇನ? ಬಿಸಿನೀರು ಕೊಡು ಆಕೀಗೆ.”

ಬಂದವರು ಹುಡುಗ, ಅವನ ತಾಯಿ, ಮತ್ತೊಬ್ಬ ಹಿರಿಯರು. ಅವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಜ್ಜಿಯ ಮುಖ ಅರಳಿತು. ಶಿರಾ, ಉಪ್ಪಿಟ್ಟು, ಚಹಾ. ಅತ್ತಿ ತಟ್ಟೆ ಇಟ್ಟು ಜಮಖಾನೆಯ ಅಂಚಿಗೆ ಕೂತಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಅವಳ ಕತ್ತು ಕಾಣುತ್ತಿತ್ತು. ಪ್ರತಿ ಉಸಿರಿಗೆ ಕೊರಳ ಬುಡದ ಗುಳಿ ಒಳಕ್ಕೆ ಜಗ್ಗುತ್ತಿತ್ತು, ಹೆಗಲು ಮೇಲೇಳುತ್ತಿತ್ತು. ತಲೆ ತಗ್ಗಿಸಿ, ಎರಡೂ ಅಂಗೈಗಳನ್ನು ಮೊಣಕಾಲಿಗೆ ಒತ್ತಿ, ಮುಂದಕ್ಕೆ ಬಾಗಿ ಕೂತಿದ್ದಳು. ನೋಡುವವರಿಗೆ ಅದು ನಾಚಿಕೆ.

“ಹೆಸರೇನವಾ?” ಅಂದರು ಹುಡುಗನ ತಾಯಿ.

“ಗಿರಿಜಾ.”

“ಎಷ್ಟನೆತ್ತೆ ಕಲತೀದಿ?”

“ಬಿ.ಎ.”

“ಯಾವ ಊರಾಗ?”

ಅತ್ತಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಅಜ್ಜಿ ನಡುವೆ ಬಾಯಿ ಹಾಕಿ “ಹಾವೇರಿಯಾಗ್ರಿ” ಅಂದಳು. ಹುಡುಗನ ತಾಯಿ ಮೆಚ್ಚುಗೆಯಿಂದ ತಲೆದೂಗಿದರು.

“ಮಾತು ಭಾಳ ಕಮ್ಮಿ. ಈಗಿನ ಕಾಲದಾಗ ಇಂಥಾ ಹುಡುಗ್ಯಾರು ಎಲ್ಲಿ ಸಿಗತಾರ್ರಿ? ನಮಗ ಹಿಂಗ ಇರೂ ಕನ್ಯಾನ ಬೇಕಾಗಿತ್ತು.”

ಅಡುಗೆಮನೆಯಲ್ಲಿ ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ಬಾಯಿ ತೆರೆದರೆ ಮುಚ್ಚದ ಗಿರಿಜಾ ಒಂದೊಂದೇ ಶಬ್ದದಲ್ಲಿ ಉತ್ತರ ಕೊಡುತ್ತಿರುವುದು ಅವ್ವನಿಗೆ ಮರ್ಯಾದೆಯಾಗಿ ಕೇಳಿಸಲಿಲ್ಲ. ನನ್ನ ಕಡೆ ನೋಡಿ ಮೆಲ್ಲಗೆ ಅಂದಳು: “ಆಕೀಗೆ ಮಾತಾಡಾಕ ಉಸಿರ ಸಾಲವಲ್ದು.”

ಬಂದವರು ಎಲೆ ಅಡಿಕೆ ತೆಗೆದುಕೊಂಡು ಎದ್ದರು. ಅಪ್ಪ ಅವರನ್ನು ಓಣಿಯ ತುದಿಯಲ್ಲಿದ್ದ ಜೀಪಿನವರೆಗೆ ಕಳಿಸಿಕೊಡಲು ಹೋದ. ಅವರು ಮರೆಯಾದ ಮೇಲೆ ಮನೆಯೊಳಗೆ ಒಂದು ಮೌನ ಇಳಿಯಿತು. ಮೊದಲು ನನಗೆ ಏನು ಬದಲಾಗಿದೆಯೆಂದು ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಪೀಪಿ ನಿಂತಿದೆ. ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದ ಅತ್ತಿಯ ಎದೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿದ್ದವು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ನೋಡು, ನಿಂತ ಹೋತು,” ಅಂದಳು ಅಜ್ಜಿ. “ಪಂಪೂ ಬ್ಯಾಡ, ಏನೂ ಬ್ಯಾಡ. ದಣದಾಳ, ನಿದ್ದಿ ಬಂದೈತಿ. ಅದಕ್ಕೂ ಮದಲ ದೃಷ್ಟಿ ತಗೀಬೇಕು. ಎಷ್ಟು ಮಂದಿ ಕಣ್ಣು ಬಿತ್ತು!”

ಒಳ್ಳೆಯದೇನಾದರೂ ನಡೆದ ದಿನ ದೃಷ್ಟಿ ತೆಗೆಯುವುದು ನಮ್ಮ ಮನೆಯಲ್ಲಿ ತಪ್ಪಿದ್ದಲ್ಲ. ಉಪ್ಪು, ಸಾಸಿವೆ, ಒಂದು ಮುಷ್ಟಿ ಮೆಣಸಿನಕಾಯಿ ಮುಖಕ್ಕೆ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಎದ್ದು ಕೆಮ್ಮು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಭಾರಿ ದೃಷ್ಟಿ ಆಗಿತ್ತು ಎಂದು ಲೆಕ್ಕ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಹಾಗಾಗಿ ಅಜ್ಜಿಯ ಲೆಕ್ಕದಲ್ಲಿ ಮನೆಮಂದಿಗೆಲ್ಲ ಸದಾ ದೃಷ್ಟಿ ಆಗಿಯೇ ಇರುತ್ತಿತ್ತು. ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಗಿರಿಜತ್ತಿಯೇ.

ಅಜ್ಜಿ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತಂದು ಅತ್ತಿಯ ಮುಂದಿಟ್ಟು ಮುಷ್ಟಿ ಬಿಚ್ಚಿದಳು. ಚಟಪಟ ಸದ್ದಾಗಿ ನೀಲಿ ಹೊಗೆ ಎದ್ದಿತು. ನಾನು ಕೆಮ್ಮಿದೆ. ಅಜ್ಜಿಯೂ ಎರಡು ಸಲ ಕೆಮ್ಮಿದಳು. ಅತ್ತಿಯ ಮುಖದ ಸುತ್ತ ಹೊಗೆ ಸುತ್ತಿಕೊಂಡಿತು, ಅವಳು ಕೆಮ್ಮಲಿಲ್ಲ.

“ನೋಡ್ರಿ, ನೋಡ್ರಿ!” ಅಜ್ಜಿ ಸಂತೋಷದಿಂದ ಕೂಗಿದಳು. “ಒಂದ ಒಂದು ಕೆಮ್ಮು ಇಲ್ಲ! ಎಂಥಾ ದೃಷ್ಟಿ ಆಗಿತ್ತು ನನ್ನ ಮಗಳಿಗೆ!”

ಇಷ್ಟು ವರ್ಷಗಳ ಮೇಲೂ ಈ ಕ್ಷಣ ನನ್ನೊಳಗೆ ಮುಗಿದಿಲ್ಲ. ಮುಂದೆ ನಾನು ವಿಜ್ಞಾನ ಓದಿದೆ, ಈಗ ಹಾವೇರಿಯ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಶ್ವಾಸನಾಳ ಬಿಗಿದುಕೊಳ್ಳುವುದನ್ನು ಹಲಗೆಯ ಮೇಲೆ ಬಿಡಿಸುವಾಗ ಆ ಹೊಗೆಯ ನಡುವೆ ಕೆಮ್ಮದೆ ಕೂತ ಮುಖ ಕಾಣುತ್ತದೆ. ಕೆಮ್ಮುವುದಕ್ಕೂ ಒಳಗೆ ಒಂದಿಷ್ಟು ಗಾಳಿ ಬೇಕು. ಅದು ಅವಳಲ್ಲಿರಲಿಲ್ಲ.

ಹಿಂದಿನಿಂದ ಅವ್ವ ಬಂದಳು. ಕೈಯಲ್ಲಿ ಕುಡಿಯುವ ನೀರಿನ ತುಂಬಿದ ಕೊಡ. ಅದನ್ನು ಬಾಂಡ್ಲಿಯ ಮೇಲೆ ಬೋರಲು ಹಾಕಿದಳು. ಭುಸ್ ಎಂದು ಬೂದಿ ಎದ್ದಿತು, ಕರಿನೀರು ಜಮಖಾನೆಯವರೆಗೆ ಹರಿಯಿತು. ದೃಷ್ಟಿಯ ಕೆಂಡಕ್ಕೆ ನೀರು ಸುರಿಯುವುದನ್ನು ಆ ಮನೆ ಹಿಂದೆಂದೂ ಕಂಡಿರಲಿಲ್ಲ.

“ಏನ ಮಾಡಿದೆ! ಮಂಗಳಕಾರ್ಯದ ದಿನ ಕೆಂಡಕ್ಕ ನೀರ ಹಾಕಿದ್ಯಾ! ನನ್ನ ಮಗಳ ಬಾಳೇವು...”

“ಮದಲ ಆಕಿ ಉಳೀಲಿ, ಆಮ್ಯಾಲೆ ಬಾಳೇವು,” ಅಂದಳು ಅವ್ವ. ಅಜ್ಜಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ತುಟಿ ನೋಡ್ರಿ ಆಕೀದು. ನೀಲಿಗಟ್ಟ್ಯಾವ. ಚಾವಿ ಕೊಡ್ರಿ.”

ಅಜ್ಜಿ ಮಗಳ ತುಟಿ ನೋಡಿದಳು. ಸೊಂಟದ ಚಾವಿಯ ಗೊಂಚಲನ್ನು ಅವಳು ಬಿಚ್ಚುವಷ್ಟರಲ್ಲಿ ಅವ್ವನೇ ಅದನ್ನು ಕಿತ್ತುಕೊಂಡಳು. ಟ್ರಂಕಿನಿಂದ ಪಂಪು ಬಂತು. ಅವ್ವ ಅತ್ತಿಯ ಬಾಯಿಗಿಟ್ಟು ಒತ್ತಿದಳು, ಮತ್ತೆ ಒತ್ತಿದಳು. ಎಳೆದುಕೊಳ್ಳಲು ಅತ್ತಿಗೆ ಶಕ್ತಿ ಇರಲಿಲ್ಲ. ಔಷಧ ಬಿಳಿ ಹೊಗೆಯಾಗಿ ತುಟಿಯ ಬದಿಯಿಂದಲೇ ಹೊರಗೆ ಹೋಯಿತು. ಅವ್ವ ಪಂಪನ್ನು ನನ್ನ ಕೈಗೆ ತುರುಕಿ, “ಬಾ” ಎಂದವಳೇ ತಲೆಯ ಮೇಲೆ ಸೆರಗಿಲ್ಲದೆ, ಕಾಲಲ್ಲಿ ಚಪ್ಪಲಿಯಿಲ್ಲದೆ ಓಣಿಗೆ ಓಡಿದಳು.

ಪೇಟೆಯ ದಿನವಾದ್ದರಿಂದ ಜೀಪು ಇನ್ನೂ ಓಣಿಯ ತುದಿಯಲ್ಲೇ ಸಿಕ್ಕಿಬಿದ್ದಿತ್ತು. ಮುಂದೆ ಚೀಲ ಹೇರಿದ ಟ್ರ್ಯಾಕ್ಟರುಗಳು. ಅಪ್ಪ ಕಿಟಕಿಯ ಬಳಿ ನಿಂತು ನಗುತ್ತ ಮಾತಾಡುತ್ತಿದ್ದ. ಬೀದಿಯಲ್ಲಿ ಓಡಿಬರುತ್ತಿದ್ದ ಹೆಂಡತಿಯನ್ನು ಕಂಡು ಅವನ ನಗು ಅಲ್ಲಿಗೇ ನಿಂತಿತು. ಅವ್ವ ನೇರವಾಗಿ ಹುಡುಗನ ತಾಯಿಗೆ ಕೈ ಮುಗಿದಳು.

“ಗಿರಿಜಾಗ ದಮ್ಮು ಐತ್ರಿ. ಮುಚ್ಚಿಟ್ಟಿದ್ವಿ. ಈಗ ಉಸಿರ ನಿಲ್ಲಾಕತ್ತೈತಿ. ನಿಮ್ಮ ಜೀಪ್ ಬೇಕು.”

ಆ ಹೆಂಗಸು ಜೀಪಿನ ಬಾಗಿಲು ತೆರೆದರು. ಆಮೇಲೆ ಹಿರಿಯರಿಗೆ “ನೀವು ಇಳೀರಿ” ಅಂದರು. ಅಪ್ಪ ಮನೆಗೆ ಓಡಿ ಅತ್ತಿಯನ್ನು ಎತ್ತಿಕೊಂಡು ಬಂದ. ಊರ ಆಸ್ಪತ್ರೆಯ ದಾರಿ ಚೀಲಗಳಿಂದ ಕಟ್ಟಿಹೋಗಿತ್ತು. ಜೀಪಿನ ಮುಖ ಇದ್ದದ್ದು ರಾಣೆಬೆನ್ನೂರಿನ ಕಡೆಗೆ. ಅಲ್ಲಿಗೇ ಎಂದಾಯಿತು. ಅದು ಸರಿಯೋ ತಪ್ಪೋ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಅಪ್ಪ ಜೀಪಿನ ಮುಂದೆ ಓಡುತ್ತ, ಗಾಡಿಯವರನ್ನೂ ಹಮಾಲರನ್ನೂ ಹೆಸರು ಹಿಡಿದು ಕೂಗುತ್ತ, ದಾರಿಯ ಚೀಲಗಳನ್ನು ತಾನೇ ಎಳೆದು ಬದಿಗೆ ಒಗೆಯುತ್ತಿದ್ದ. ಒಂದು ಚೀಲ ಒಡೆದು ಕಾಯಿ ಚೆಲ್ಲಿತು. ಗಾಲಿ ಅದರ ಮೇಲೆಯೇ ಹಾಯ್ದಾಗ ಕೆಂಪು ಧೂಳು ಒಳಗೆ ನುಗ್ಗಿತು. ಹುಡುಗನ ತಾಯಿ ತಮ್ಮ ಸೆರಗನ್ನು ನೀರಿನ ಬಾಟಲಿಯಿಂದ ತೋಯಿಸಿ ಅತ್ತಿಯ ಮೂಗಿಗೆ ಅಡ್ಡ ಹಿಡಿದರು. ಅತ್ತಿಯ ತಲೆ ಅವ್ವನ ಹೆಗಲಿಗೆ ಜಾರುತ್ತಿತ್ತು.

“ಮಲಗಬ್ಯಾಡ, ಗಿರಿಜಾ. ಕಣ್ಣ ತಗಿ. ನನ್ನ ಬೈ ಒಂದೀಟು. ಏನರ ಬೈ!”

ಅತ್ತಿಯ ತುಟಿ ಅಲುಗಿತು. “ವೈ...” ಅಂದಳು. ಅವ್ವನನ್ನು ಅವಳು ದಿನಾ ಕರೆಯುತ್ತಿದ್ದ “ವೈನಿ” ಎಂಬ ಶಬ್ದವೂ ಪೂರ್ತಿ ಬರಲಿಲ್ಲ.

“ಅದಕ್ಕ ಮಾತಾಡಲಿಲ್ಲೇನು ಈಕಿ?” ಹುಡುಗನ ತಾಯಿ ತಮಗೆ ತಾವೇ ಹೇಳಿಕೊಂಡ ಹಾಗೆ ಅಂದರು. ಮುಂದೆ ಹುಡುಗ ಹಾರ್ನಿನಿಂದ ಕೈ ತೆಗೆಯದೆ ಜೀಪು ಓಡಿಸುತ್ತಿದ್ದ.

ಆಸ್ಪತ್ರೆಯಲ್ಲಿದ್ದವರು ಪಂಪು ಬರೆದುಕೊಟ್ಟಿದ್ದ ಡಾಕ್ಟರೇ. ನರ್ಸ್ ಅತ್ತಿಯನ್ನು ಮಲಗಿಸಲು ಹೋದಾಗ ಅವರು ತಡೆದರು: “ಮಲಗಸಬ್ಯಾಡ್ರಿ, ಕೂಡ್ರಸ್ರಿ.” ಎದುರಿಗೆ ಬಗ್ಗಿ ಅತ್ತಿಯನ್ನು ಕೇಳಿದರು: “ನಿನ್ನ ಹೆಸರು, ನಿನ್ನ ಊರು, ಎರಡೂ ಕೂಡಿಸಿ ಹೇಳವಾ.” ಅತ್ತಿ ಬರೀ ನೋಡಿದಳು. ಅವರು ಉಗುರು ನೋಡಿದರು, ಕೊರಳ ಗುಳಿ ನೋಡಿದರು, ಸ್ಟೆತಸ್ಕೋಪನ್ನು ಬೆನ್ನಿನ ಮೇಲೆ ಅಲ್ಲಲ್ಲಿ ಇಟ್ಟರು. ಆಮೇಲೆ ಅವರ ಮಾತಿನ ವೇಗವೇ ಬದಲಾಯಿತು. ಆಕ್ಸಿಜನ್ ಬಂತು. ಅದರ ಮಾಸ್ಕಿನೊಳಗೇ ಹಬೆಯಂತೆ ಏಳುವ ಔಷಧ, ರಕ್ತನಾಳಕ್ಕೆ ಇಂಜೆಕ್ಷನ್.

“ಸಪ್ಪಳ ಯಾವಾಗ ನಿಂತು?”

“ಮನಿಯಾಗ ನಿಂತು ಹೋತ್ರಿ. ಆರಾಮ ಆತು ಅಂತ ತಿಳದ್ರು...” ಅಂದಳು ಅವ್ವ.

“ಆರಾಮ ಆಗಿ ನಿಂತಿದ್ದಲ್ಲ ತಾಯಿ. ಸೀಟಿ ಊದಾಕ ಗಾಳಿ ಹಾಯಬೇಕಲ್ಲ? ಈಕಿ ಎದಿಯಾಗ ಗಾಳಿ ಹಾಯೂದ ನಿಂತೈತಿ.”

ನಮ್ಮನ್ನು ಹೊರಗೆ ಕಳಿಸಿದರು. ಬೆಂಚಿನ ಮೇಲೆ ಅವ್ವ, ನಾನು, ಹುಡುಗನ ತಾಯಿ. ನನ್ನ ಮುಷ್ಟಿಯಲ್ಲಿ ಇನ್ನೂ ಪಂಪು ಇತ್ತು. ಅವ್ವನ ಕಾಲಿನಿಂದ ರಕ್ತ ಬರುತ್ತಿರುವುದನ್ನು ಮೊದಲು ಕಂಡವರು ಆ ಹೆಂಗಸು. ಕೆಳಗೆ ಕೂತು ಕರವಸ್ತ್ರ ಕಟ್ಟಿದರು. ಬಾಗಿಲ ಆಚೆ ಆಕ್ಸಿಜನ್ನಿನ ಸುಯ್ಯೆನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಾನು ಕಿವಿಯನ್ನು ಬಾಗಿಲಿಗೆ ಹಚ್ಚಿ ನಿಂತೆ. ನನ್ನ ಜೀವಮಾನದಲ್ಲಿ ಏನನ್ನೂ ಅಷ್ಟು ಆಸೆಯಿಂದ ಕೇಳಿಸಿಕೊಳ್ಳಲು ಕಾದಿಲ್ಲ. ಸಂಜೆಯ ಹೊತ್ತಿಗೆ ಅಪ್ಪ ಅಜ್ಜಿಯನ್ನು ಕರೆದುಕೊಂಡು ಬಂದ. ಅವನ ಅಂಗಿಯ ತುಂಬ ಮೆಣಸಿನಕಾಯಿಯ ಕೆಂಪು. ನರ್ಸ್ ಅವನನ್ನು ಗೇಟಿನಲ್ಲೇ ನಿಲ್ಲಿಸಿ, “ಅಂಗಿ ಬದಲಿ ಮಾಡಿ ಬರ್ರಿ” ಅಂದಳು. ಅಜ್ಜಿ ನಮ್ಮ ಬೆಂಚಿಗೆ ಬಂದು ಕೂತಳು.

ಆಗ ಕೇಳಿಸಿತು. ಮೊದಲು ದೂರದಲ್ಲಿ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಆಮೇಲೆ ಒಂದು ಎಳೆಯಾಗಿ, ಆಮೇಲೆ ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಅದೇ ಪೀಪಿಯಾಗಿ. ಅಜ್ಜಿ ಹಣೆ ಹಣೆ ಬಡಿದುಕೊಂಡಳು.

“ಮತ್ತ ಶುರುವಾತಲ್ಲೋ ಯಪ್ಪಾ! ಮತ್ತ ಹಿಡಕೊಂತಲ್ಲೋ ನನ್ನ ಕೂಸಿಗೆ!”

ಡಾಕ್ಟರು ಬಾಗಿಲು ತೆರೆದು ಹೊರಗೆ ಬಂದರು. ಅವರ ಮುಖದ ಮೇಲೆ ಬೆವರಿತ್ತು, ಆದರೆ ನಗುತ್ತಿದ್ದರು.

“ಅಳಬ್ಯಾಡ್ರಿ ಅಜ್ಜಿ. ಈ ಸಪ್ಪಳ ಕೇಳಾಕಂತ ನಾವು ಇಷ್ಟೊತ್ತೂ ಕಾಯಾಕತ್ತಿದ್ವಿ. ಗಾಳಿ ಹಾಯಾಕ ಹತ್ತೈತಿ.”

ಅಜ್ಜಿ ಅವರ ಮುಖವನ್ನೇ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿರಬೇಕು. ಸೊಂಟಕ್ಕೆ ಕೈ ಹಾಕಿ ಚಾವಿಯ ಗೊಂಚಲನ್ನು ಹುಡುಕಿದಳು. ಅದು ಅವ್ವನ ಹತ್ತಿರವೇ ಉಳಿದಿತ್ತು. ಅವ್ವ ಕೊಡಲು ಹೋದಾಗ ಅಜ್ಜಿ ಕೈ ಚಾಚಲಿಲ್ಲ.

“ಇರ್ಲಿ,” ಅಂದಳು. “ನಿನ್ನ ಹಂತೇಕನ ಇರ್ಲಿ.”

ಅತ್ತಿ ಮನೆಗೆ ಬರುವ ಹೊತ್ತಿಗೆ ಪಡಸಾಲೆ ಬರಿದಾಗಿತ್ತು. ಹಿತ್ತಲಿನ ರಾಶಿಗಳೂ ಅಂಗಡಿಗೆ ಹೋಗಿದ್ದವು. ಅಪ್ಪ ಅಂಗಡಿಯಿಂದ ಬಂದರೆ ಬಚ್ಚಲಿಗೆ ಹೋಗಿ ಬಟ್ಟೆ ಬದಲಿಸದೆ ಒಳಗೆ ಬರುತ್ತಿರಲಿಲ್ಲ. ಡಾಕ್ಟರು ದಿನದ ಪಂಪನ್ನು ಮತ್ತೆ ಶುರು ಮಾಡಿ, “ಆರಾಮ ಇದ್ದಾಗ ತಗೊಳ್ಳೂದ ಇದರ ಕೆಲಸ” ಎಂದು ಮನೆಮಂದಿಯನ್ನೆಲ್ಲ ಕೂರಿಸಿ ಹೇಳಿದ್ದರು. ಅಜ್ಜಿ ಎರಡೂ ಪಂಪನ್ನು ದೇವರ ಗೂಡಿನ ಕೆಳಗೆ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟಳು. ರಾಣೆಬೆನ್ನೂರಿನವರು ಗೌರವದಿಂದಲೇ ಹೇಳಿ ಕಳಿಸಿದರು, ಹುಡುಗಿ ಆರಾಮ ಇರಲಿ, ಸಂಬಂಧ ಕೂಡಿಬರಲಿಲ್ಲ ಎಂದು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಾಗ ಅತ್ತಿ ದಿಂಬಿಗೆ ಒರಗಿ, ಇನ್ನೂ ಸಣ್ಣಗಿದ್ದ ದನಿಯಲ್ಲಿ ಅಂದಳು:

“ಬಿಡವಾ. ಅವ್ರಿಗೆ ಮಾತಾಡದ ಹುಡುಗಿ ಬೇಕಾಗಿತ್ತು. ಆ ಮಾಲು ನಮ್ಮಲ್ಲಿ ಇಲ್ಲ.”

ಅವಳು ಈಗ ಹಲಗೇರಿಯಲ್ಲಿದ್ದಾಳೆ. ಆ ಮನೆಯವರು ನೋಡಲು ಬಂದಾಗ ತಾನೇ ಪಂಪನ್ನು ಚಹಾದ ತಟ್ಟೆಯ ಪಕ್ಕದಲ್ಲಿಟ್ಟು, ಎಲ್ಲವನ್ನೂ ತಾನೇ ಹೇಳಿ ಮದುವೆಯಾದವಳು. ಎದೆ ಪೂರ್ತಿ ಗುಣವಾಗಿಲ್ಲ; ಚಳಿಗಾಲದಲ್ಲಿ ಡಾಕ್ಟರು ಔಷಧ ಹೆಚ್ಚಿಸುತ್ತಾರೆ, ಆಮೇಲೆ ಇಳಿಸುತ್ತಾರೆ. ನಾನು ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಅವಳಿಗೆ ಫೋನು ಮಾಡುತ್ತೇನೆ. ಹೇಗಿದ್ದೀ ಎಂದು ಕೇಳುವುದಿಲ್ಲ. ಕೇಳಿದರೆ ಅವಳು “ಆರಾಮ” ಎಂಬ ಒಂದೇ ಶಬ್ದ ಹೇಳಬಹುದು, ಆ ಒಂದು ಶಬ್ದದಿಂದ ಅವಳಲ್ಲಿ ಎಷ್ಟು ಉಸಿರಿದೆಯೆಂದು ನನಗೆ ತಿಳಿಯುವುದಿಲ್ಲ. ಅದಕ್ಕೇ ಏನಾದರೂ ತಂಟೆ ತೆಗೆಯುತ್ತೇನೆ. ಇವತ್ತು, ನಿನ್ನ ರೊಟ್ಟಿಗಿಂತ ನಮ್ಮ ಕ್ಯಾಂಟೀನಿನ ರೊಟ್ಟಿಯೇ ಮೆತ್ತಗಿರುತ್ತದೆ ಅಂದೆ. ಆಚೆಯಿಂದ ಒಂದು ಗಳಿಗೆ ಏನೂ ಬರಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಏ ಸುಮಿ, ಪಾಟಿ ಮ್ಯಾಲೆ ಎಣ್ಣಿ ಒರಸೂ ಕೈಗೆ ಕಾಲೇಜಿನವ್ರು ಹಲಗಿ ಮ್ಯಾಲೆ ಬರಿಯೂ ಖಡು ಕೊಟ್ಟು ಮಾಸ್ತರಬಾಯಿ ಮಾಡ್ಯಾರಂತ ಇಷ್ಟು ಸೊಕ್ಕು ಬಂತೇನು ನಿನಗ, ಕ್ಯಾಂಟೀನಿನ ರೊಟ್ಟಿ ಮೆತ್ತಗಿದ್ರ ಅದನ್ನ ಹಾಸಿಗಿ ಮಾಡಿ ಮಲಕೋ, ಈ ಐತವಾರ ನನ್ನ ಮನಿಗೆ ರೊಟ್ಟಿ ಎಣಗಾಯಿ ಅಂತ ಬಾಯಿ ಬಿಟಗೊಂಡು ಬಾ ನೋಡ್ತೀನಿ, ನಿಮ್ಮವ್ವನ್ನಷ್ಟ ಒಳಗ ಕರದು ನಿನ್ನ ಬಾಗಲಾಗ ನಿಂದ್ರಸ್ತೀನಿ!”

ಒಂದೇ ಉಸಿರು. ನಡುವೆ ಎಲ್ಲಿಯೂ ಕಡಿಯಲಿಲ್ಲ. ನಾನು ಚಪ್ಪಲಿ ಮೆಟ್ಟಿ ಕಾಲೇಜಿಗೆ ಹೊರಟೆ.